ರೋಮ್ ಬೆಳ್ಳಗಿರಲಿಲ್ಲ, ಬೆಳ್ಳಗಾಯಿತು



ಶಾಲೆಗೆ ರಜೆ ಬಂತೆಂದರೆ ನಾವು ಮಕ್ಕಳನ್ನು ಬ್ರಿಟಿಷ್ ಮ್ಯೂಸಿಯಂಗೆ ಕರೆದೊಯ್ಯುತ್ತೇವೆ. ರೋಮನ್ ಪ್ರತಿಮೆಗಳ ಮುಂದೆ ನಿಂತು, "ನೋಡು, ಎಷ್ಟು ಶುಭ್ರ, ಎಷ್ಟು ಗಂಭೀರ!" ಎನ್ನುತ್ತೇವೆ. ಈ ಮಾತನ್ನು ಇನ್ನು ನಿಲ್ಲಿಸಬೇಕು. ನಾವು ಮೆಚ್ಚುವ ಆ ಬಿಳುಪು ರೋಮನ್ ಶಿಲ್ಪಿಯ ಉದ್ದೇಶವಲ್ಲ. ಮಣ್ಣು, ಮಳೆ, ಬಿಸಿಲುಗಳ ಕೆಲಸ, ಜೊತೆಗೆ ಆಮೇಲಿನವರು ಉಜ್ಜಿ ತೊಳೆದುದರ ಫಲ.

ಸಾಕ್ಷ್ಯಕ್ಕೆ ಕೊರತೆಯಿಲ್ಲ. 1863ರಲ್ಲಿ ರೋಮ್ ಬಳಿಯ ಪ್ರೀಮಾ ಪೋರ್ತಾದಲ್ಲಿ ದೊರೆತು ಈಗ ವ್ಯಾಟಿಕನ್‌ನಲ್ಲಿರುವ ಅಗಸ್ಟಸ್ ಚಕ್ರವರ್ತಿಯ ಪ್ರತಿಮೆಯಲ್ಲಿ ಕೆಂಪು, ನೀಲಿ ಬಣ್ಣಗಳ ಕುರುಹುಗಳಿವೆ. 1884ರಲ್ಲಿ ರೋಮಿನ ಎಸ್ಕ್ವಿಲಿನ್ ಗುಡ್ಡದಲ್ಲಿ ಸಿಕ್ಕಿದ ಸ್ತ್ರೀಶಿರವೊಂದು ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲೇ ಇದೆ. ಅದರ ಮುಖದ ಮೇಲೆ ಮೈಬಣ್ಣದ ಲೇಪ ಇಂದಿಗೂ ಅಲ್ಲಲ್ಲಿ ಉಳಿದಿದೆ. ಕಟ್ಟಡಗಳೂ ಹೊರತಲ್ಲ. ಟೈಟಸ್ ಕಮಾನಿನಲ್ಲಿ ಕೆತ್ತಿದ ಜೆರುಸಲೇಮಿನ ದೀಪಸ್ತಂಭಕ್ಕೆ ಹಳದಿ ಬಳಿದಿತ್ತೆಂಬುದು 2012ರ ಪರೀಕ್ಷೆಯಲ್ಲಿ ತಿಳಿಯಿತು. ಪ್ಯಾಂಥಿಯನ್‌ನ ಒಳಗೆ ಈಜಿಪ್ಟಿನ ನೇರಳೆಗೆಂಪು ಕಲ್ಲು, ಟ್ಯುನೀಶಿಯಾದ ಹಳದಿ ಅಮೃತಶಿಲೆ ಇಂದಿಗೂ ಕಣ್ಣಿಗೆ ಬೀಳುತ್ತವೆ.

ಬರಿಗಣ್ಣಿಗೆ ಕಾಣದ ಬಣ್ಣವೂ ಇದೆ. ರೋಮನ್ನರು ಬಳಸುತ್ತಿದ್ದ 'ಈಜಿಪ್ಟಿನ ನೀಲಿ'ಯ ಒಂದು ಕಣ ಉಳಿದಿದ್ದರೂ ಸಾಕು, ಸಾಮಾನ್ಯ ಬೆಳಕು ಬಿದ್ದಾಗ ಅದು ಇನ್‌ಫ್ರಾರೆಡ್ ಕಿರಣವನ್ನು ಹೊಮ್ಮಿಸುತ್ತದೆ. ವಿಶೇಷ ಕ್ಯಾಮೆರಾದಲ್ಲಿ ಚುಕ್ಕಿಯಾಗಿ ಹೊಳೆಯುತ್ತದೆ. ಎಕ್ಸ್‌ರೇ ನೋಡಿಯೇ ರೋಗ ನಿರ್ಣಯಿಸುವ ವೈದ್ಯರಾದ ನಮಗೆ, ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎನ್ನುವ ವಾದ ಒಪ್ಪಿಗೆಯಾಗದು.

"ಬಣ್ಣ ಬಳಿದರೆ ಜಾತ್ರೆಯ ಗೊಂಬೆಯಂತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಇಂದಿನ ತಜ್ಞರು ಮಾಡಿದ ಬಣ್ಣದ ಮರುಸೃಷ್ಟಿಗಳ ಛಾಯೆಯ ಬಗ್ಗೆ ಚರ್ಚೆ ಇದ್ದೇ ಇದೆ. ಆದರೆ ಯಾವ ಕೆಂಪೆಂಬ ಸಂದೇಹವು ಬಿಳುಪಿಗೆ ಪುರಾವೆಯಾಗದು. ಇನ್ನು ಪ್ರಾಚೀನರ ಅಭಿರುಚಿಯೋ? ತನ್ನ ಶಿಲ್ಪಗಳಲ್ಲಿ ಚಿತ್ರಕಾರ ನಿಕಿಯಾಸನ ಕೈ ಸೋಕಿದವನ್ನೇ ಗ್ರೀಕ್ ಶಿಲ್ಪಿ ಪ್ರಾಕ್ಸಿಟೆಲಿಸ್ ಹೆಚ್ಚು ಮೆಚ್ಚುತ್ತಿದ್ದನೆಂದು ರೋಮಿನ ಪ್ಲಿನಿಯೇ ಬರೆದಿಟ್ಟಿದ್ದಾನೆ.

ಹಾಗಾದರೆ ಬಿಳುಪಿನ ಆರಾಧನೆ ಎಲ್ಲಿಂದ ಬಂತು? 1764ರಲ್ಲಿ ಪ್ರಾಚೀನ ಕಲೆಯ ಇತಿಹಾಸ ಬರೆದ ಜರ್ಮನ್ ವಿದ್ವಾಂಸ ವಿಂಕೆಲ್‌ಮನ್, ಸುಂದರ ದೇಹವು ಬೆಳ್ಳಗಿದ್ದಷ್ಟೂ ಇನ್ನಷ್ಟು ಸುಂದರವೆಂದ. ಕಲ್ಲಿನ ಬಗೆಗಿನ ಇಂಥ ರುಚಿ, ಯುರೋಪಿನಲ್ಲಿ ಚರ್ಮದ ಬಗೆಗಿನ ಅಹಂಕಾರಕ್ಕೂ ಊರುಗೋಲಾಯಿತು. ನಮ್ಮವರ ವಧೂವರರ ಜಾಹೀರಾತುಗಳಲ್ಲಿ ಕಾಣುವ "ಬೆಳ್ಳಗಿನ ಹುಡುಗಿ"ಯ ಹಂಬಲಕ್ಕೆ ಬೇರೆಯೇ ಬೇರುಗಳಿವೆ, ನಿಜ. ಆದರೆ ಮನೆಯಲ್ಲಿ ಆ ಮಾತು ಕೇಳುವ ಮಗುವಿಗೆ, ಮ್ಯೂಸಿಯಂನಲ್ಲಿ "ನಾಗರಿಕತೆಯ ಶಿಖರವೂ ಬಿಳಿಯೇ" ಎಂಬ ಇನ್ನೊಂದು ಪಾಠ ಸೇರಬೇಕೆ? ಅದೂ ಸುಳ್ಳು ಪಾಠ!

ನಾವು ಕೇಳುವುದು ಇಷ್ಟೇ. ಮುಂದಿನ ಭೇಟಿಯಲ್ಲಿ ಮಕ್ಕಳಿಗೆ "ಎಷ್ಟು ಬೆಳ್ಳಗಿದೆ" ಎನ್ನಬೇಡಿ, "ಇದರ ಬಣ್ಣ ಎಲ್ಲಿ ಹೋಯಿತು?" ಎಂದು ಕೇಳಿ. ಕೂದಲ ಸಂದಿಯಲ್ಲಿ, ಬಟ್ಟೆಯ ಮಡಿಕೆಯಲ್ಲಿ ಹುಡುಕಲು ಹೇಳಿ. ಫಲಕದಲ್ಲಿ ಬಣ್ಣದ ಪ್ರಸ್ತಾಪವೇ ಇರದಿದ್ದರೆ ಮ್ಯೂಸಿಯಂಗೆ ವಿನಯದಿಂದ ಪತ್ರ ಬರೆಯಿರಿ. ಎರಡು ಸಾವಿರ ವರ್ಷಗಳ ಹಿಂದಿನ ಕುಂಚದ ಗುರುತು ಅಳಿದಿರಬಹುದು. ಅದನ್ನು ಮಕ್ಕಳ ಮನಸ್ಸಿನಿಂದಲೂ ಅಳಿಸುವ ಕೆಲಸ ನಮ್ಮಿಂದ ಆಗಬಾರದು.