ಬೀಜದ ಪುಸ್ತಕ ಯಾರ ಮಗುವಿಗೆ?

“ದಿನವೆಲ್ಲ ಮಣ್ಣಿನಲ್ಲಿ ಹೊರಳಾಡುವ ಹುಡುಗರಿಗೆ ಬೀಜ ಮೊಳೆಯುವ ಚಿತ್ರಪುಸ್ತಕ ಯಾತಕ್ಕೆ? ಅಪ್ಸರಕೊಂಡದ ಸುತ್ತಿನ ಅಂಗನವಾಡಿಗಳಿಗೆ ಅಕ್ಕಿ ಬೇಳೆ ಸರಿಯಾಗಿ ಮುಟ್ಟಿದರೆ ಸಾಕು.” ಹೀಗೆ ಮಾತಾಡುವ ಮಹನೀಯರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಅದೇ ಮಹನೀಯರು ತಮ್ಮ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ದಪ್ಪ ರಟ್ಟಿನ, ಹೊಳೆಯುವ ಕಾಗದದ ಪುಸ್ತಕ ತರಿಸುತ್ತಾರೆ. ಆ ಮಗುವಿಗೆ ಅಕ್ಕಿ ಬೇಳೆಯ ಕೊರತೆಯಿಲ್ಲ, ಆದ್ದರಿಂದ ಪುಸ್ತಕ ಬೇಕು. ಈ ಮಗುವಿಗೆ ಅಕ್ಕಿ ಬೇಳೆಗೇ ಕಷ್ಟ, ಆದ್ದರಿಂದ ಪುಸ್ತಕ ಬೇಡ! ಎಂಥ ತರ್ಕ ನೋಡಿ.

ಕರಾವಳಿಯ ಬಡವರ ಮಕ್ಕಳೆಲ್ಲ ಹೊಲಗದ್ದೆಯ ನಡುವೆ ಬೆಳೆಯುತ್ತಾರೆಂಬುದೇ ಮೊದಲನೆಯ ಸುಳ್ಳು. ಹೊನ್ನಾವರದ ಕಾಸರಕೋಡಿನ ಮೀನುಗಾರರ ಕೇರಿಯಲ್ಲಿ ಮನೆ ಮನೆಯ ನಡುವೆ ಇರುವುದು ಮರಳು ಮತ್ತು ಒಣಗಲು ಹರವಿದ ಬಲೆ. ಪೇಟೆಯ ಬಾಡಿಗೆ ಖೋಲಿಯಲ್ಲಿರುವ ಗಿರಣಿ ಆಳಿನ ಮಗುವಿಗೆ, ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಬೆಳೆಯುವ ಚಿಲ್ಲರೆ ವ್ಯಾಪಾರಿಯ ಮಗುವಿಗೆ ಅಂಗಳವೆಲ್ಲಿ? ಗದ್ದೆಯ ಅಂಚಿನಲ್ಲೇ ಮನೆಯಿದ್ದರೂ ಬೀಜ ಮೊಳೆಯುವುದು ಕಣ್ಣಿಗೆ ಬೀಳುವುದಿಲ್ಲ. ಅದು ನೆಲದೊಳಗಿನ ಕೆಲಸ. ಹೆಸರುಕಾಳಿನಿಂದ ಮೊದಲು ಹೊರಡುವುದು ಎಲೆಯಲ್ಲ, ಬೇರು. ಕಾಳನ್ನು ತಲೆಕೆಳಗಾಗಿ ಹೂತರೂ ಬೇರು ಕೆಳಕ್ಕೇ ತಿರುಗುತ್ತದೆ. ಹತ್ತು ದಿನಗಳ ಈ ವ್ಯವಹಾರವನ್ನು ನಾಲ್ಕು ವರ್ಷದ ಮಗು ಕಾದು ನೋಡಲಾರದು. ಹತ್ತು ಪುಟದ ಚಿತ್ರದಲ್ಲಿ ನೋಡಿದ ಮಗು ಮಾರನೆಯ ದಿನವೇ ಒಂದು ಕರಟದಲ್ಲಿ ಮಣ್ಣು ತುಂಬಿ ನಾಲ್ಕು ಕಾಳು ಹಾಕುತ್ತದೆ, ಬೇರು ಬಂತೇ ಎಂದು ಗಳಿಗೆಗೊಮ್ಮೆ ಕೆದಕುತ್ತದೆ. ಕೆದಕಿದ್ದಕ್ಕೆ ಸಸಿ ಸಾಯುತ್ತದೆ, ಮತ್ತೆ ಹಾಕುತ್ತದೆ.

ಇನ್ನು ಪೇಟೆಯಲ್ಲಿ ಸಿಗುವ ಪುಸ್ತಕಗಳ ಮಾತು. ಬಹಳಷ್ಟು ಹೊರದೇಶದ ಅಚ್ಚಿನಲ್ಲಿ ಎರೆದಂಥವು. ಕಿಟಕಿಯ ಕಟ್ಟೆಯ ಮೇಲೆ ಕುಂಡ, ಅಂಗಡಿಯಿಂದ ತಂದ ಬೀಜದ ಪೊಟ್ಟಣ, ಸೂರ್ಯಕಾಂತಿ, ಕೊನೆಯ ಪುಟದಲ್ಲಿ ಕೆಂಪು ಕೆನ್ನೆಯ ನಗುವ ಮಗು. ಮಾತನ್ನಷ್ಟೇ ತಿರುಗಿಸಿಬಿಟ್ಟರೆ ಅದು ಕನ್ನಡದ ಪುಸ್ತಕವಾಯಿತೇ? ಅಲ್ಲಿ ಬೀಜ ಹುಟ್ಟುವುದೇ ಪೊಟ್ಟಣದಲ್ಲಿ! ಹೋದ ವರ್ಷದ ಬೆಳೆಯಲ್ಲಿ ಗಟ್ಟಿ ತೆನೆ ಆರಿಸಿ, ಒಣಗಿಸಿ, ಹುಳ ಬೀಳದಂತೆ ಕಾದಿಟ್ಟ ಹೆಂಗಸಿನ ಕೈ ಯಾವ ಪುಟದಲ್ಲೂ ಕಾಣದು. ಬೀಜವೆಂದರೆ ಕಂಪನಿಯಿಂದ ಕೊಳ್ಳುವ ಸಾಮಾನು ಎಂಬ ಪಾಠ ಮೂರನೆಯ ವಯಸ್ಸಿಗೇ ಶುರುವಾಗುತ್ತದೆ.

ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಶಿವರಾಮ ಕಾರಂತರು ೧೯೩೬ರಲ್ಲೇ ಕನ್ನಡದ ಮಕ್ಕಳಿಗೆ ‘ಬಾಲ ಪ್ರಪಂಚ’ ಕೊಟ್ಟರು. ೨೦೦೪ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡ ಚಿತ್ರಪುಸ್ತಕ ಹಾಕಿದೆ. ೨೦೧೫ರಿಂದ ಸ್ಟೋರಿವೀವರ್ ತಾಣದಲ್ಲಿ ಕಾಸಿಲ್ಲದೆ ಓದಲು ಬಿಟ್ಟಿದೆ. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಮನೆಗಿರುವ ಒಂದೇ ಮೊಬೈಲು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಎಳೆಯ ಮಗುವಿಗೆ ಬೇಕಾದದ್ದು ಕೈಯಲ್ಲಿ ಹಿಡಿದು, ಮೂಲೆ ಕಚ್ಚಿ, ಎಂಜಲು ಬೆರಳಿನಿಂದ ಪುಟ ತಿರುವುವ ಪುಸ್ತಕ.

ಅಪ್ಸರಕೊಂಡದ ಮಗುವಿಗೆ ಅಂಥದು ಯಾವುದನ್ನು ಕೊಡಬೇಕು? ಅಪ್ಸರೆಯರು ಮಿಂದರೆಂಬ ಕೊಳದ ಕಥೆ ಪ್ರವಾಸಿಗಳಿಗಿರಲಿ. ಆ ಗುಡ್ಡದಿಂದ ಶರಾವತಿಯ ಅಳಿವೆಯ ತನಕ ನಡೆದು ನೋಡಿ, ಯಾವ ವಿಲಾಯತಿ ಚಿತ್ರಕಾರನೂ ಬರೆಯದ ಬೀಜಗಳಿವೆ. ಹಣ್ಣಿನೊಳಗೆ ಬೀಜವೆಂದು ಎಲ್ಲ ಪುಸ್ತಕಗಳೂ ಹೇಳಿದರೆ ನಮ್ಮ ಗೇರು ಬೀಜವನ್ನು ಹಣ್ಣಿನ ಹೊರಗೆ ನೇತುಹಾಕಿ ನಗುತ್ತದೆ. ಅಳಿವೆಯ ಕೆಸರಿನಲ್ಲಿ ಕಾಂಡ್ಲದ ಜಾತಿಯೊಂದರ ಬೀಜ ತಾಯಿಮರದ ಮೇಲೆಯೇ ಮೊಳೆತು ಕೋಲಿನಂತೆ ಉದ್ದವಾಗಿ, ಕಾಲ ಬಂದಾಗ ಉದುರಿ ಕೆಸರಿನಲ್ಲಿ ನೆಟ್ಟುಕೊಳ್ಳುತ್ತದೆ. ಮೊಳೆತ ತೆಂಗಿನಕಾಯಿ ಒಡೆದರೆ ಒಳಗೆ ಬಿಳಿಯ ಸಿಹಿ ಗಡ್ಡೆ. ಅದಕ್ಕಾಗಿ ಜಗಳಾಡದ ಮಕ್ಕಳು ಕರಾವಳಿಯಲ್ಲಿಲ್ಲ. ಅದು ಎಳೆಯ ಸಸಿಯ ಬಾಯಿ, ಕೊಬ್ಬರಿಯನ್ನೂ ನೀರನ್ನೂ ಹೀರಿ ಸಸಿಗೆ ಉಣಿಸುತ್ತದೆ ಎಂದು ಆ ಮಕ್ಕಳಿಗೆ ಚಿತ್ರ ಬರೆದು ತೋರಿಸಿದವರು ಯಾರು? ಪಕ್ಕದ ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಕಗ್ಗ ಭತ್ತವಿದೆ. ಮಳೆ ಉಪ್ಪನ್ನು ತೊಳೆದ ಹದ ನೋಡಿ ಬಿತ್ತುತ್ತಾರೆ. ನೆರೆ ನಿಂತರೂ ಸುಲಭಕ್ಕೆ ಸಾಯದು. ಗಜನಿಗೆ ಸಿಗಡಿ ಕೆರೆಗಳ ಧಣಿಗಳು ಕಾಲಿಟ್ಟ ಮೇಲೆ ಕಗ್ಗ ಬಿತ್ತುವವರೇ ಕಡಿಮೆಯಾದರು. ಚಿತ್ರದಲ್ಲೂ ಕಾಣದಿದ್ದರೆ ಆ ಹೆಸರೇ ಮಕ್ಕಳ ಬಾಯಿಂದ ಹೋದೀತು.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಹೆಂಗಸು. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಿದರೆ ಮೊಳೆಯುತ್ತದೆಂದು ಬಲ್ಲವರು. ೨೦೨೦ರಲ್ಲಿ ಅವರಿಗೆ ಪದ್ಮಶ್ರೀ ಘೋಷಿಸಿದ ಸರಕಾರ, ೨೦೨೪ರ ಡಿಸೆಂಬರ್ ೧೬ರಂದು ಅವರು ತೀರಿಕೊಂಡಾಗ ದೊಡ್ಡ ದೊಡ್ಡ ಸಂತಾಪ ಸಾರಿತು. ಆ ಕೈಗಳು ಮಾಡಿದ ಕೆಲಸವನ್ನು ಹದಿನಾರು ಪುಟದಲ್ಲಿ ಬರೆಯಿಸಿ ಜಿಲ್ಲೆಯ ಪ್ರತಿ ಅಂಗನವಾಡಿಗೂ ಕಳಿಸುವುದು ಸಂತಾಪಕ್ಕಿಂತ ಕಷ್ಟದ ಕೆಲಸವೇ?

ದುಡ್ಡೆಲ್ಲಿ ಎಂದು ಕೇಳುತ್ತಾರೆ. ಕಾರ್ಮಿಕ ಬಂಧುಗಳೇ, ಅಂಗಡಿಕಾರ ಬಂಧುಗಳೇ, ಲೆಕ್ಕ ಹಾಕೋಣ. ಕಾಗದ ನಮ್ಮ ಜಿಲ್ಲೆಯದೇ. ೧೯೫೫ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ನಮ್ಮ ಕಾಡಿನ ಬಿದಿರನ್ನು ಬಿಡಿಗಾಸಿನ ದರಕ್ಕೆ ಕೊಟ್ಟರು. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯ ಬೆಲೆ ತೆತ್ತರು. ಹೂ ಬಿಟ್ಟು ಬೀಜ ಕಟ್ಟಲು ದಶಕಗಳೇ ಬೇಕಾಗುವ ಗಿಡವದು. ಕಾಡು ಕಾಗದವಾಯಿತು, ಆ ಕಾಗದ ಕಾಡಿನಂಚಿನ ಮಗುವಿನ ಕೈಗೆ ಪುಸ್ತಕವಾಗಿ ಬರಲಿಲ್ಲ.

ಪುಸ್ತಕಕ್ಕೆ ತೆರಿಗೆಯೇ ಇಲ್ಲವೆಂದು ದಿಲ್ಲಿಯವರು ಎದೆ ತಟ್ಟಿಕೊಳ್ಳುತ್ತಾರೆ. ನಿಜ, ಪುಸ್ತಕದ ಮೇಲಿಲ್ಲ. ಪುಸ್ತಕ ಅಚ್ಚುಮಾಡುವ ಕಾಗದದ ಮೇಲಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡ ೧೨ರಿಂದ ೧೮ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆಯಿಲ್ಲದ್ದರಿಂದ ಪ್ರಕಾಶಕನು ಕಾಗದಕ್ಕೆ ತೆತ್ತದ್ದನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಅದು ಪುಸ್ತಕದ ಬೆಲೆಯೊಳಗೆ ಅಡಗಿ ಕೂರುತ್ತದೆ. ಬಾಗಿಲಲ್ಲಿ ಕೈಮುಗಿದು ಹಿತ್ತಲಲ್ಲಿ ಜೇಬು ಕತ್ತರಿಸಿದ ಹಾಗೆ!

ಇನ್ನೊಂದು ಲೆಕ್ಕ ಅಂಗಡಿಕಾರರಿಗೆ ಚೆನ್ನಾಗಿ ತಿಳಿಯುತ್ತದೆ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನೀವು ಕಟ್ಟುವ ಕಟ್ಟಡ ತೆರಿಗೆಯ ಮೇಲೆ ಶೇಕಡ ೬ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ತೆರಿಗೆಯ ರಸೀದಿ ತೆಗೆದು ನೋಡಿ. ಊರೂರಿನ ಸಂಸ್ಥೆಗಳು ಈ ಕರ ವಸೂಲು ಮಾಡಿಯೂ ಗ್ರಂಥಾಲಯಕ್ಕೆ ಕಟ್ಟದೆ ಬಾಕಿ ಇಟ್ಟ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮಗುವಿನ ಪುಸ್ತಕಕ್ಕೆಂದು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಆ ಹಣ ನೀವು ಆಗಲೇ ಕಟ್ಟಿದ್ದೀರಿ.

ಆದ್ದರಿಂದ ಮುಂದಿನ ಗ್ರಾಮಸಭೆಗೆ, ಪೇಟೆಯವರಾದರೆ ಪಟ್ಟಣ ಪಂಚಾಯತಿಗೆ, ಪುರಸಭೆಗೆ, ನಾಲ್ಕಾರು ಮಂದಿ ಒಟ್ಟಾಗಿ ಹೋಗಿ. ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ ಎಂದು ಬರಹದಲ್ಲಿ ಉತ್ತರ ಕೇಳಿ. ಅದಕ್ಕೆ ಮೊದಲು ನಿಮ್ಮ ಕೇರಿಯ ಅಂಗನವಾಡಿಗೆ ಒಮ್ಮೆ ಹೋಗಿ ಬನ್ನಿ. ಗೌರವಧನದ ಹೆಸರಿನಲ್ಲಿ ಅರೆಕೂಲಿಗೆ ದುಡಿಯುವ ಅಲ್ಲಿನ ಬಾಯಿಯವರನ್ನು ಗದರಿಸಬೇಡಿ, ತಪ್ಪು ಅವರದಲ್ಲ. ಗೋಡೆಗೆ ಬಳಿದ ಚಿತ್ರಗಳನ್ನು ಬಿಟ್ಟು, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಎಣಿಸಿ, ಆ ಸಂಖ್ಯೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ.