ಸೌದೆಯೋ, ಹೀಟ್ ಪಂಪೋ: ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಯಾವುದು ಅಗ್ಗ?

ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು ಕವಿಯುತ್ತದೆ. ಕೆಲಸಕ್ಕೆಂದು ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಆಗ ಒಂದೇ ಮಾತು: ಮನೆ ಬೆಚ್ಚಗಿಡುವ ಖರ್ಚು. ಗ್ಯಾಸ್ ಬಾಯ್ಲರ್‌ಗೆ ವಯಸ್ಸಾಗಿದೆ. ಪಕ್ಕದ ಮನೆಯವರು ಸೌದೆ ಒಲೆ ಹಾಕಿಸಿಕೊಂಡು ಬಿಲ್ಲಿನ ಚಿಂತೆಯೇ ಇಲ್ಲ ಅನ್ನುತ್ತಿದ್ದಾರೆ. ಸರ್ಕಾರ ಹೀಟ್ ಪಂಪ್ ಹಾಕಿಸಿ, ಸಹಾಯಧನ ಕೊಡುತ್ತೇವೆ ಅನ್ನುತ್ತಿದೆ. ಮನೆಯಲ್ಲಿ ಚಿಕ್ಕ ಮಗುವೋ ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ಒಲೆ ಆರಿಸಿ ಹಣ ಉಳಿಸುವ ಹಾಗೂ ಇಲ್ಲ.

ಯಾವುದು ಅಗ್ಗ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಸಿಗುವುದು ಬಹುಪಾಲು ನಂಬಿಕೆಗಳು. ಸೌದೆ ಯಾವತ್ತೂ ಅಗ್ಗ, ಹೀಟ್ ಪಂಪ್ ಚಳಿಯಲ್ಲಿ ಕೈಕೊಡುತ್ತದೆ, ಬೆಂಕಿಯ ಶಾಖವೇ ಬೇರೆ. ಇವುಗಳಲ್ಲಿ ಎಷ್ಟು ನಿಜ? ಲೆಕ್ಕ ಹಾಕಿ ನೋಡೋಣ.

ಹೀಟ್ ಪಂಪ್ ಮಾಡುವ ಕೆಲಸ ಏನು?

ಸೌದೆ ಒಲೆಯಾಗಲಿ, ಗ್ಯಾಸ್ ಬಾಯ್ಲರ್ ಆಗಲಿ, ಕಾಯಿಲ್ ಹೀಟರ್ ಆಗಲಿ ಶಾಖವನ್ನು ಹುಟ್ಟಿಸುತ್ತವೆ. ಹೀಟ್ ಪಂಪ್ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಇದು ನಮಗೆ ಹೊಸದೇನಲ್ಲ. ನಿಮ್ಮ ಅಡುಗೆಮನೆಯ ಫ್ರಿಜ್ ಒಳಗಿನ ಶಾಖವನ್ನು ಎಳೆದು ಹಿಂಬದಿಯಲ್ಲಿ ಬಿಡುತ್ತದೆ. ಫ್ರಿಜ್‌ನ ಹಿಂದೆ ಕೈ ಇಟ್ಟರೆ ಬಿಸಿ ತಾಗುವುದು ಅದಕ್ಕೇ. ಇಲ್ಲಿ ಹೊರಗಿನ ಗಾಳಿ ಫ್ರಿಜ್‌ನ ಒಳಭಾಗ, ನಿಮ್ಮ ಮನೆ ಅದರ ಹಿಂಬದಿ ಎಂದುಕೊಳ್ಳಿ.

ಸಾಗಿಸುವುದಕ್ಕೆ ಹುಟ್ಟಿಸುವುದಕ್ಕಿಂತ ಕಡಿಮೆ ಶಕ್ತಿ ಸಾಕು. ಕಾಯಿಲ್ ಹೀಟರ್‌ಗೆ ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಒಂದು ಯೂನಿಟ್ ಶಾಖ ಸಿಗುತ್ತದೆ. ಅದೇ ಒಂದು ಯೂನಿಟ್ಟನ್ನು ಹೀಟ್ ಪಂಪ್‌ಗೆ ಕೊಟ್ಟರೆ ಮೂರರ ಆಸುಪಾಸು ಸಿಗುತ್ತದೆ. ಹೆಚ್ಚಿಗೆ ಸಿಕ್ಕ ಎರಡು ಯೂನಿಟ್ ಮಾಯದಿಂದ ಬಂದದ್ದಲ್ಲ, ಹೊರಗಿನ ಗಾಳಿಯಿಂದ ಬಂದದ್ದು. ಬ್ರಿಟನ್ ಸರ್ಕಾರ ಏಳುನೂರಕ್ಕೂ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಹಾಕಿಸಿ ಅಳತೆ ಮಾಡಿಸಿದಾಗ ಗಾಳಿಯಿಂದ ಶಾಖ ಎಳೆಯುವ ಪಂಪ್‌ಗಳಲ್ಲಿ ಈ ಅನುಪಾತ ಸುಮಾರು 2.8 ಬಂದಿತ್ತು. ಇದು ಕಂಪನಿಯವರ ಕರಪತ್ರದ ಅಂಕಿಯಲ್ಲ, ಜನ ವಾಸವಿದ್ದ ಮನೆಗಳಲ್ಲಿ ಸಿಕ್ಕ ಅಂಕಿ.

ಒಂದು ಕೆ.ಜಿ. ಸೌದೆ, ಒಂದು ಯೂನಿಟ್ ಕರೆಂಟು

ಈಗ ಸೌದೆಯ ಲೆಕ್ಕ. ಚೆನ್ನಾಗಿ ಒಣಗಿದ, ಅಂದರೆ ತೂಕದಲ್ಲಿ ನೀರಿನ ಪಾಲು ಶೇ 20ರಷ್ಟಿರುವ ಒಂದು ಕೆ.ಜಿ. ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಮರ ಯಾವುದೇ ಇರಲಿ, ಕೆ.ಜಿ. ಲೆಕ್ಕದಲ್ಲಿ ಈ ಅಂಕಿ ಹೆಚ್ಚು ಬದಲಾಗುವುದಿಲ್ಲ. ಗಾಜಿನ ಬಾಗಿಲಿರುವ ಇಂದಿನ ಒಳ್ಳೆಯ ಒಲೆ ಅದರಲ್ಲಿ ಶೇ 75ರಷ್ಟನ್ನು ಕೋಣೆಗೆ ಕೊಡುತ್ತದೆ. ಉಳಿದದ್ದು ಚಿಮಣಿಯ ಪಾಲು. ಅಂದರೆ ಒಂದು ಕೆ.ಜಿ. ಸೌದೆಯಿಂದ ಮನೆಗೆ ದಕ್ಕುವುದು 3 ಯೂನಿಟ್ ಶಾಖ.

ಹೀಟ್ ಪಂಪ್‌ಗೆ ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನೆನಪಿಡಲು ಸುಲಭವಾದ ಸೂತ್ರವೊಂದು ನಮಗೆ ಸಿಕ್ಕಿತು: ಒಂದು ಕೆ.ಜಿ. ಒಣ ಸೌದೆ ಮತ್ತು ಒಂದು ಯೂನಿಟ್ ವಿದ್ಯುತ್ ಸರಿಸುಮಾರು ಸಮ. ನಿಮ್ಮ ಊರಿನಲ್ಲಿ ಇವೆರಡರಲ್ಲಿ ಯಾವುದರ ಬೆಲೆ ಕಡಿಮೆಯೋ, ದಿನದ ಖರ್ಚಿನಲ್ಲಿ ಅದು ಅಗ್ಗ.

ಬ್ರಿಟನ್ನಿನಲ್ಲಿ ಈಚಿನ ವರ್ಷಗಳಲ್ಲಿ ಮನೆಬಳಕೆಯ ವಿದ್ಯುತ್ ಯೂನಿಟ್‌ಗೆ 25 ಪೆನ್ಸ್ ಆಸುಪಾಸಿನಲ್ಲಿದೆ. ಸೌದೆ ಕೆ.ಜಿ.ಗೆ 25 ಪೆನ್ಸ್‌ಗಿಂತ ಕಡಿಮೆಗೆ ಸಿಕ್ಕರೆ ಒಲೆ ಗೆದ್ದಂತೆ. ಆದರೆ ಪೆಟ್ರೋಲ್ ಬಂಕ್‌ಗಳಲ್ಲಿ ಬಲೆಚೀಲದಲ್ಲಿ ಮಾರುವ ಒಣ ಸೌದೆಯ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲಿರುತ್ತದೆ. ಸ್ವಂತ ಜಮೀನಿನಲ್ಲಿ ಮರ ಇದ್ದು, ತಾವೇ ಕಡಿದು ಸೀಳಿಕೊಳ್ಳುವವರಿಗೆ ಮಾತ್ರ ಸೌದೆ ನಿಜಕ್ಕೂ ಅಗ್ಗ. ವರ್ಷಕ್ಕೆ 10,000 ಯೂನಿಟ್ ಶಾಖ ಬೇಕಾದ ಮನೆಗೆ ಮೂರು ಟನ್ನಿಗೂ ಹೆಚ್ಚು ಸೌದೆ ಬೇಕು ಎಂಬುದನ್ನೂ ಮರೆಯಬಾರದು. ಅದನ್ನು ಒಟ್ಟುವ ಜಾಗ, ಹೊರುವ ಮೈ, ಬೂದಿ ಬಳಿಯುವ ಸಮಯ ಲೆಕ್ಕಕ್ಕೆ ಸೇರುವುದೇ ಇಲ್ಲ.

ನಂಬಿಕೆ: ಕೊರೆಯುವ ಚಳಿಯಲ್ಲಿ ಹೀಟ್ ಪಂಪ್ ಕೆಲಸ ಮಾಡದು

ಹೊರಗೆ ಸೊನ್ನೆ ಡಿಗ್ರಿ ಇರುವಾಗ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು? ಈ ಅನುಮಾನ ಸಹಜ. ಆದರೆ ಸೊನ್ನೆ ಎಂಬುದು ನೀರು ಹೆಪ್ಪುಗಟ್ಟುವ ಬಿಂದುವೇ ಹೊರತು ಶಾಖ ಮುಗಿಯುವ ಬಿಂದುವಲ್ಲ. ಶಾಖ ಮುಗಿಯುವುದು ಮೈನಸ್ 273 ಡಿಗ್ರಿಯಲ್ಲಿ. ಇಂದು ಅನೇಕ ಹೀಟ್ ಪಂಪ್‌ಗಳಲ್ಲಿ ಹರಿಯುವ ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುವ ದ್ರವ. ಅದಕ್ಕೆ ಮೈನಸ್ 10 ಡಿಗ್ರಿಯ ಗಾಳಿಯೂ ಬಿಸಿಯೇ. ಆ ಗಾಳಿಯ ಶಾಖ ಕುಡಿದು ಅದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ಬಿಸಿ ಏರುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವ ಹಾಗೆ. ಆ ಬಿಸಿ ರೇಡಿಯೇಟರ್‌ಗೆ ಹೋಗುತ್ತದೆ.

ನಂಬಿಕೆಯಲ್ಲಿ ಸ್ವಲ್ಪ ನಿಜವೂ ಇದೆ. ಚಳಿ ಹೆಚ್ಚಿದಂತೆ ಪಂಪಿನ ದಕ್ಷತೆ ಇಳಿಯುತ್ತದೆ. ಮೂರರ ಬದಲು ಎರಡು, ಎರಡೂವರೆ ಸಿಗಬಹುದು. ಸೊನ್ನೆಗಿಂತ ಸ್ವಲ್ಪ ಮೇಲಿರುವ ಒದ್ದೆ ಹವೆಯಲ್ಲಿ ಹೊರಗಿನ ಘಟಕದ ಮೇಲೆ ಮಂಜು ಕಟ್ಟಿ, ಅದನ್ನು ಕರಗಿಸಲು ಯಂತ್ರ ಆಗಾಗ ಕೆಲಸ ನಿಲ್ಲಿಸುತ್ತದೆ. ಆದರೂ ಕಾಯಿಲ್ ಹೀಟರ್‌ಗಿಂತ ಅದು ಮುಂದೆಯೇ. ಯೂರೋಪಿನಲ್ಲಿ ಹೀಟ್ ಪಂಪ್ ಅತಿ ಹೆಚ್ಚು ಹರಡಿರುವುದು ಬೆಚ್ಚಗಿನ ದಕ್ಷಿಣದ ದೇಶಗಳಲ್ಲಲ್ಲ, ನಾರ್ವೆ, ಸ್ವೀಡನ್ ಮತ್ತು ಫಿನ್ಲೆಂಡ್‌ಗಳಲ್ಲಿ. ನಾರ್ವೆಯಲ್ಲಿ ನೂರಕ್ಕೆ ಸುಮಾರು 60 ಕಟ್ಟಡಗಳಲ್ಲಿ ಅದು ಇದೆ. ಚಳಿಯಲ್ಲಿ ಕೈಕೊಡುವ ಯಂತ್ರವನ್ನು ಅಲ್ಲಿನವರು ನೆಚ್ಚಿಕೊಳ್ಳುತ್ತಿರಲಿಲ್ಲ.

ನಂಬಿಕೆ: ಸೌದೆ ಯಾವತ್ತೂ ಅಗ್ಗ

ಮೇಲಿನ ಸೂತ್ರದಲ್ಲಿ ಎರಡು ಷರತ್ತುಗಳಿದ್ದವು. ಸೌದೆ ಒಣಗಿರಬೇಕು, ಒಲೆ ಒಳ್ಳೆಯದಿರಬೇಕು. ಎರಡೂ ತಪ್ಪಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕೆ.ಜಿ. ಕೊಂಡರೆ ನೀವು ಅರ್ಧ ಕೆ.ಜಿ. ನೀರಿಗೆ ದುಡ್ಡು ಕೊಟ್ಟಂತೆ. ಸಾಲದ್ದಕ್ಕೆ ಆ ನೀರನ್ನು ಆವಿ ಮಾಡಲು ಉಳಿದ ಕಟ್ಟಿಗೆ ತನ್ನ ಶಾಖ ಕಳೆದುಕೊಳ್ಳಬೇಕು. ಕೊನೆಗೆ ಸಿಗುವುದು 4ರ ಬದಲು ಸುಮಾರು 2 ಯೂನಿಟ್, ಜೊತೆಗೆ ದಟ್ಟ ಹೊಗೆ. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಮನೆಗಳಿಗೆ ಸಣ್ಣ ಪ್ರಮಾಣದಲ್ಲಿ ಹಸಿ ಸೌದೆ ಮಾರುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಹಳೆಯ ಮನೆಗಳ ಬಾಗಿಲಿಲ್ಲದ ಅಗ್ಗಿಷ್ಟಿಕೆ ಇನ್ನೂ ದುಬಾರಿ. ನೋಡಲು ಚಂದ, ಎದುರು ಕೂತರೆ ಮುಖ ಬೆಚ್ಚಗೆ. ಆದರೆ ಅದರ ಶಾಖದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಮನೆಗೆ ಉಳಿಯುತ್ತದೆ. ಬೆಂಕಿ ಕೋಣೆಯ ಬೆಚ್ಚನೆ ಗಾಳಿಯನ್ನೂ ಚಿಮಣಿಗೆ ಎಳೆದುಕೊಳ್ಳುತ್ತದೆ. ಆ ಜಾಗಕ್ಕೆ ಕಿಟಕಿ ಬಾಗಿಲುಗಳ ಸಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಎದೆ ಬೆಚ್ಚಗೆ, ಬೆನ್ನು ತಣ್ಣಗೆ ಆಗುವುದು ಹೀಗೆ.

ಸೌದೆಯ ಬೆಲೆ ಗ್ಯಾಸಿನ ಬೆಲೆಗೆ ಅಂಟಿಕೊಂಡಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧದಿಂದ ಗ್ಯಾಸ್ ತುಟ್ಟಿಯಾದಾಗ ಜರ್ಮನಿಯ ಜನ ಸೌದೆಗೆ ಮುಗಿಬಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಸೌದೆ ಮತ್ತು ಮರದ ಪೆಲೆಟ್‌ಗಳ ಬೆಲೆ ಹಿಂದಿನ ಆಗಸ್ಟ್‌ಗಿಂತ ಶೇ 80ಕ್ಕೂ ಹೆಚ್ಚು ಏರಿತ್ತು.

ಬಿಲ್ಲಿನಲ್ಲಿ ಕಾಣದ ಖರ್ಚು

ಒಲೆಯ ಖರ್ಚನ್ನು ಹಣದಲ್ಲಿ ಮಾತ್ರ ಅಳೆದರೆ ಒಂದು ದೊಡ್ಡ ಬಾಬತ್ತು ಬಿಟ್ಟುಹೋಗುತ್ತದೆ. ಅದು ಹೊಗೆ. 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ಐದು ದಿನ ಲಂಡನ್ನಿನ ಮೇಲೆ ಕವಿದು, ಸಾವಿರಾರು ಜನ ಸತ್ತರು. 1956ರಲ್ಲಿ ಅಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಕಲ್ಲಿದ್ದಲು ಮನೆಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಆದರೆ ಈಗ ಬ್ರಿಟನ್ನಿನಲ್ಲಿ ಹೊರಬೀಳುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳಲ್ಲಿ ಗಣನೀಯ ಪಾಲು ಮನೆಗಳಲ್ಲಿ ಸುಡುವ ಸೌದೆಯಿಂದಲೇ ಬರುತ್ತಿದೆ. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತಕ್ಕೂ ಸೇರಬಲ್ಲವು. ಉಬ್ಬಸ ಇರುವ ಮಕ್ಕಳಿಗೆ, ಹೃದಯದ ತೊಂದರೆ ಇರುವ ಹಿರಿಯರಿಗೆ ಇದು ಹೆಚ್ಚು ಅಪಾಯ. ಒಳ್ಳೆಯ ಒಲೆಯೂ ಬಾಗಿಲು ತೆರೆದು ಸೌದೆ ಹಾಕುವಾಗಲೆಲ್ಲ ಒಂದಿಷ್ಟು ಹೊಗೆಯನ್ನು ಕೋಣೆಗೆ ಬಿಡುತ್ತದೆ.

ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಅಪಾಯ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿ ಮಲಗಿದವರು ಬೆಳಗ್ಗೆ ಏಳದ ಸುದ್ದಿ ನಮ್ಮ ದೇಶದಲ್ಲೂ ಪ್ರತಿ ಚಳಿಗಾಲ ಬರುತ್ತದೆ. ಹೊಗೆ ಕಾಣದ ಕೆಂಡ ಸುರಕ್ಷಿತ ಎಂಬುದು ಜೀವ ತೆಗೆಯುವ ನಂಬಿಕೆ.

ಹಾಗಾದರೆ ಎಲ್ಲರೂ ಹೀಟ್ ಪಂಪ್ ಯಾಕೆ ಹಾಕಿಸುತ್ತಿಲ್ಲ?

ಮೊದಲ ಕಾರಣ, ಆರಂಭದ ಖರ್ಚು. ಬ್ರಿಟನ್ನಿನಲ್ಲಿ ಸೌದೆ ಒಲೆ ಎರಡು ಮೂರು ಸಾವಿರ ಪೌಂಡ್‌ಗಳಲ್ಲಿ ಮುಗಿಯಬಹುದು. ಹೀಟ್ ಪಂಪ್‌ಗೆ ಸುಮಾರು 10ರಿಂದ 14 ಸಾವಿರ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಅಕ್ಟೋಬರ್‌ನಿಂದ 7,500 ಪೌಂಡ್ ಸಹಾಯಧನ ಇದೆ. ಆದರೂ ಬಾಡಿಗೆ ಮನೆಯಲ್ಲಿರುವವರಿಗೆ ಆ ನಿರ್ಧಾರ ತಮ್ಮ ಕೈಯಲ್ಲಿಲ್ಲ.

ಎರಡನೆಯದು ವಿದ್ಯುತ್ತಿನ ಬೆಲೆ. ಅಲ್ಲಿ ಗ್ಯಾಸ್ ಯೂನಿಟ್‌ಗೆ 6 ಪೆನ್ಸ್ ಆಸುಪಾಸು, ವಿದ್ಯುತ್ ಅದರ ನಾಲ್ಕು ಪಟ್ಟು. ಶಾಖದ ಲೆಕ್ಕದಲ್ಲಿ ನೋಡಿದರೆ ಗ್ಯಾಸ್ ಬಾಯ್ಲರ್‌ನಲ್ಲಿ ಒಂದು ಯೂನಿಟ್ ಶಾಖಕ್ಕೆ ಸುಮಾರು 7 ಪೆನ್ಸ್, ಹೀಟ್ ಪಂಪ್‌ನಲ್ಲಿ ಸುಮಾರು 9 ಪೆನ್ಸ್. ಸೌದೆಯ ಎದುರು ಗೆಲ್ಲುವ ಹೀಟ್ ಪಂಪ್ ಗ್ಯಾಸಿನ ಎದುರು ಸ್ವಲ್ಪದರಲ್ಲಿ ಸೋಲುವುದು ಇಲ್ಲಿ. ಅನುಪಾತ 2.8ರಿಂದ 3.5ಕ್ಕೆ ಏರಿದರೆ ಎರಡೂ ಸಮವಾಗುತ್ತವೆ. ಅದಕ್ಕೆ ದೊಡ್ಡ ರೇಡಿಯೇಟರ್ ಹಾಕಿಸಿ, ನೀರನ್ನು 65 ಡಿಗ್ರಿಯ ಬದಲು 40–45 ಡಿಗ್ರಿಯಲ್ಲಿ ಇಡೀ ದಿನ ನಿಧಾನವಾಗಿ ಹರಿಸಬೇಕು. ಬಾಯ್ಲರ್‌ನಂತೆ ಬೇಕಾದಾಗ ಒಂದು ಗಂಟೆ ಹಾಕಿ ಆರಿಸಿದರೆ ಬಿಲ್ ಏರುತ್ತದೆ. ಬಿಲ್ ಜಾಸ್ತಿ ಬಂತು ಎಂಬ ಎಷ್ಟೋ ದೂರುಗಳ ಮೂಲ ಈ ಅಭ್ಯಾಸ.

ನಮ್ಮ ಬಚ್ಚಲೊಲೆಗೂ ಇದೇ ಲೆಕ್ಕ

ಕರ್ನಾಟಕದಲ್ಲಿ ಮನೆ ಕಾಯಿಸುವ ಅಗತ್ಯ ಹೆಚ್ಚೇನಿಲ್ಲ. ಆದರೆ ಮಲೆನಾಡು, ಕೊಡಗಿನಲ್ಲಿ ಸ್ನಾನದ ನೀರು ಕಾಯಿಸದೆ ದಿನ ಶುರುವಾಗದು. 20 ಡಿಗ್ರಿಯ 100 ಲೀಟರ್ ನೀರನ್ನು 45 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 3 ಯೂನಿಟ್ ಶಾಖ. ಗೀಸರ್‌ಗೆ 3 ಯೂನಿಟ್ ವಿದ್ಯುತ್ ಬೇಕು, ಹೀಟ್ ಪಂಪ್‌ಗೆ ಒಂದು ಸಾಕು. ಒಲೆಯ ಶಾಖದಲ್ಲಿ ಐದನೇ ಒಂದು ಪಾಲು ಹಂಡೆಗೆ ತಲುಪುತ್ತದೆ ಎಂದುಕೊಂಡರೂ ಮೂರೂವರೆ ಕೆ.ಜಿ. ಒಣ ಸೌದೆ ಬೇಕು. ಅಡಿಕೆ ಸೋಗೆ, ತೆಂಗಿನ ಮಟ್ಟೆ ತೋಟದಲ್ಲೇ ಬಿದ್ದಿರುವವರಿಗೆ ಇದು ನಷ್ಟವಲ್ಲ. ಸೌದೆ ಕೊಳ್ಳುವವರಿಗೆ ನಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಶಕಗಳ ಹಿಂದೆಯೇ ಅಸ್ತ್ರ ಒಲೆ ರೂಪಿಸಿದ್ದು ಕಡಿಮೆ ಸೌದೆ, ಕಡಿಮೆ ಹೊಗೆ ಎಂಬ ಗುರಿಯಿಟ್ಟುಕೊಂಡು.

ಸೌದೆ ಒಲೆಯ ನೀರು ಮೈಗೆ ಒಳ್ಳೆಯದು, ಗೀಸರ್ ನೀರು ಬೇಗ ಆರುತ್ತದೆ ಎಂದು ಅಜ್ಜಿಯರು ಹೇಳುವುದುಂಟು. ಯಾವುದರಿಂದ ಬಿಸಿಯಾದೆ ಎಂಬುದು ನೀರಿಗೆ ಗೊತ್ತಿರುವುದಿಲ್ಲ. ಆದರೆ ಅಜ್ಜಿಯ ಅನುಭವ ಸುಳ್ಳಲ್ಲ. ಹಂಡೆಯಲ್ಲಿ ನೀರು ಹೆಚ್ಚು, ಕೆಳಗೆ ಕೆಂಡ ಇನ್ನೂ ಇದೆ, ಬಚ್ಚಲ ಗೋಡೆಯೂ ಬೆಚ್ಚಗಾಗಿದೆ. ಹಿತವೆನಿಸುವುದು ಅದಕ್ಕೆ.

ನಿರ್ಧರಿಸುವ ಮುನ್ನ

ಯಾವುದನ್ನೇ ಹಾಕಿಸುವ ಮೊದಲು ಮನೆಯ ಸಂದುಗಳನ್ನು ಮುಚ್ಚಿ, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಹೊರಗೆ ಹೋಗದ ಶಾಖಕ್ಕೆ ಬಿಲ್ ಕಟ್ಟಬೇಕಿಲ್ಲ. ಆಮೇಲೆ ಕೆ.ಜಿ.ಗೆ ಯೂನಿಟ್ ಸೂತ್ರ ಹಿಡಿದು ನಿಮ್ಮ ಊರಿನ ಬೆಲೆ ಹೋಲಿಸಿ. ಸ್ವಂತ ಮರ, ಒಣಗಿಸಲು ಜಾಗ, ಒಳ್ಳೆಯ ಒಲೆ, ಸುತ್ತ ಬಯಲು ಇದ್ದರೆ ಸೌದೆ ಸರಿಯಾದ ಆಯ್ಕೆಯಾಗಬಹುದು. ಕರೆಂಟ್ ಹೋದ ರಾತ್ರಿ ಅದೇ ಆಸರೆ. ಕೊಂಡು ತರುವ ಸೌದೆ, ಒತ್ತೊತ್ತಾದ ಮನೆಗಳು, ಮನೆಯಲ್ಲಿ ಉಬ್ಬಸದವರು ಇದ್ದರೆ ಹೀಟ್ ಪಂಪ್ ಕಡೆಗೆ ತಕ್ಕಡಿ ವಾಲುತ್ತದೆ. ಯಾವ ಒಲೆ ಉರಿಸಿದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಗೋಡೆಗೆ ಹಾಕಿಸಿ, ವರ್ಷಕ್ಕೊಮ್ಮೆಯಾದರೂ ಚಿಮಣಿ ಗುಡಿಸಿಸಿ. ಅಲಾರಂನ ಬೆಲೆ ಒಂದು ವಾರದ ಸೌದೆಯ ಖರ್ಚಿಗಿಂತ ಹೆಚ್ಚಿರಲಾರದು.