ಹೊಲದಲ್ಲಿ ಸಿಕ್ಕ ಗುಂಡು

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ವಿದ್ಯಾರ್ಥಿಯೊಬ್ಬನು ಗೋಲಿಯಷ್ಟು ದಪ್ಪದ, ಬೂದುಬಣ್ಣದ ಒಂದು ಗುಂಡನ್ನು ತಂದನು. ಶ್ರೀರಂಗಪಟ್ಟಣದ ಕಡೆಯ ಯಾವುದೋ ಕಬ್ಬಿನ ಗದ್ದೆಯಲ್ಲಿ ಸಿಕ್ಕಿತಂತೆ. ಅವನ ಸೋದರಮಾವನಿಗೆ ಸ್ನೇಹಿತರೊಬ್ಬರು ಕೊಟ್ಟರಂತೆ. ಅದನ್ನು ತೂಗಿ, ನೀರಿನಲ್ಲಿ ಮುಳುಗಿಸಿ ಸಾಂದ್ರತೆಯನ್ನು ಕಂಡುಹಿಡಿದೆವು. ನೀರಿನದಕ್ಕಿಂತ ಸುಮಾರು 11 ಮಡಿ. ಸೀಸವೆಂಬುದರಲ್ಲಿ ಸಂದೇಹವುಳಿಯಲಿಲ್ಲ. ಒಂದು ಪಕ್ಕ ಚಪ್ಪಟೆಯಾಗಿದ್ದುದರಿಂದ ಅದು ಹಾರಿ ಬಂದು ಏನನ್ನೋ ಬಡಿದಿರಬೇಕೆಂದೂ ಊಹಿಸಿದೆವು. "ಸಾರ್, ಇದು ಟಿಪ್ಪುವಿನ ಸೈನ್ಯದ್ದೋ, ಇಂಗ್ಲಿಷರದ್ದೋ?" ಎಂದು ಹುಡುಗ ಕೇಳಿದನು. ಯಾವ ಗದ್ದೆ, ಅದರ ಯಾವ ಮೂಲೆ ಎಂದು ನಾವು ಮರಳಿ ಕೇಳಿದೆವು. ಅದು ಅವನಿಗೆ ತಿಳಿಯದು, ಮಾವನಿಗೂ ತಿಳಿಯದು. ನಮ್ಮ ತಕ್ಕಡಿಯಂತೂ ಅದನ್ನು ಹೇಳಲಾರದು.

ಲೋಹಶೋಧಕವೆಂಬ ಯಂತ್ರವು ಈಗ ಕೆಲವೇ ಸಾವಿರ ರೂಪಾಯಿಗಳಿಗೆ ಮನೆಯ ಬಾಗಿಲಿಗೇ ಬರುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಹಿಡಿದು ಉತ್ತ ಹೊಲಗಳಲ್ಲಿ ಹಳೆಯ ಗುಂಡು, ಗುಂಡಿ, ಪದಕಗಳನ್ನು ಹುಡುಕುವುದು ಒಂದು ದೊಡ್ಡ ಹವ್ಯಾಸವಾಗಿದೆ. ಇಲ್ಲಿಯೂ ಅದು ಬೆಳೆಯುವ ಮುನ್ನ ಒಂದು ಮಾತನ್ನು ಹೇಳಬೇಕೆಂದು ನಮಗೆ ತೋರುತ್ತದೆ. ಹುಡುಕುವವರ ಉತ್ಸಾಹವನ್ನು ನಾವು ಹಳಿಯುತ್ತಿಲ್ಲ. ನೆಲದೊಳಗಿಂದ ಯಂತ್ರವು ಗುಂಯ್ ಎಂದಾಗ ಯಾರಿಗೆ ತಾನೇ ಅಗೆಯಬೇಕೆನಿಸದು?

ಯಂತ್ರದ ತತ್ತ್ವವು ಪ್ರೌಢಶಾಲೆಯ ಪಾಠಕ್ಕಿಂತ ಕಠಿಣವಾದುದಲ್ಲ. ತಂತಿಯ ಸುರುಳಿಯೊಂದರಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸಿದರೆ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸುಳಿಪ್ರವಾಹಗಳು ಏಳುತ್ತವೆ. ಅವು ತಮ್ಮದೇ ಆದ ಕಿರಿಯ ಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತವೆ. ಇನ್ನೊಂದು ಸುರುಳಿ ಅದನ್ನು ಗುರುತಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಯೋಸೆಫ್ ಕೊಸಾಟ್ಸ್ಕಿ ಎಂಬ ಪೋಲಿಷ್ ಸೇನಾಧಿಕಾರಿಯು ರೂಪಿಸಿದ ಇಂತಹ ಶೋಧಕಗಳು 1942ರಲ್ಲಿ ಎಲ್ ಅಲಮೇನಿನ ಮರಳಿನಲ್ಲಿ ಹೂತ ಸಿಡಿಗುಂಡುಗಳನ್ನು ಪತ್ತೆಮಾಡಿದುವು. ಯುದ್ಧಕ್ಕಾಗಿ ಹುಟ್ಟಿದ ಯಂತ್ರವು ಹಳೆಯ ಯುದ್ಧಗಳ ಕಸವನ್ನು ಹೆಕ್ಕಲು ಇಳಿದಿರುವುದು ಒಂದು ವಿನೋದವೇ ಸರಿ.

ಆದರೆ ಅದರ ಕಿವಿ ಬಹಳ ದೂರ ಕೇಳುವುದಿಲ್ಲ. ಆಳವು ಸುರುಳಿಯ ಗಾತ್ರವನ್ನು ಮೀರಿದ ಮೇಲೆ, ಕೆಳಗಿಳಿಯುವ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಹಿಂತಿರುಗುವಾಗ ಮತ್ತೊಮ್ಮೆ ಹಾಗೆಯೇ ಕುಗ್ಗುತ್ತದೆ. ಆದುದರಿಂದ ಆಳವು ಎರಡರಷ್ಟಾದರೆ ಸಂಕೇತವು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಯಂತ್ರದ ಶಕ್ತಿಯನ್ನು ಎಷ್ಟೇ ಹೆಚ್ಚಿಸಿದರೂ ಈ ಲೆಕ್ಕದೊಡನೆ ಸೆಣಸುವುದು ಕಷ್ಟ. ಕೋವಿಯ ಗುಂಡಿನಂತಹ ಚಿಕ್ಕ ವಸ್ತುವು ಸುಮಾರು ಒಂದು ಗೇಣಿನ ಆಳದವರೆಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ನೇಗಿಲು ಮಗುಚುವ ಮಣ್ಣಿನ ಆಳವೂ ಸರಿಸುಮಾರು ಅಷ್ಟೇ. ಬಯಲಿನಲ್ಲಿ ನಡೆದ ಕಾಳಗಕ್ಕೆ ಗೋಡೆಯಿಲ್ಲ, ತಳಪಾಯವಿಲ್ಲ. ಕೆಲವು ಗಂಟೆಗಳಲ್ಲಿ ಮುಗಿದು ಹೋದ ಆ ಘಟನೆಯ ಕುರುಹೆಲ್ಲ ಮೇಲ್ಮಣ್ಣಿನಲ್ಲಿ ಚೆದರಿದ ಲೋಹದ ಚೂರುಗಳಷ್ಟೆ. ಉಳುಮೆಯು ಅವುಗಳನ್ನು ಮೇಲೆ ಕೆಳಗೆ ಮಾಡುತ್ತದೆ, ಅಷ್ಟಿಷ್ಟು ಪಕ್ಕಕ್ಕೆ ಎಳೆಯುತ್ತದೆ. ಆದರೂ ಇಡೀ ಬಯಲಿನ ಮಟ್ಟಿಗೆ ಹರಡಿಕೆಯ ಆಕಾರವು ಉಳಿದಿರುತ್ತದೆ. ಹಳೆಯ ಊರನ್ನು ಯಾರಾದರೂ ಮೇಲುಮೇಲೆ ಕೆದಕಿದರೆ ಕೆಳಗಿನ ಪದರಗಳು ಬಾಕಿ ಇರುತ್ತವೆ. ಇಲ್ಲಿ ಬಾಕಿ ಎಂಬುದೇ ಇಲ್ಲ. ಹವ್ಯಾಸಿಯ ಯಂತ್ರ ತಲಪುವ ಪದರವೇ ರಣರಂಗದ ಇಡೀ ದಾಖಲೆ.

ಈ ದಾಖಲೆಯನ್ನು ಓದಬಹುದೆಂಬುದಕ್ಕೆ ಬಾಸ್‌ವರ್ತ್ ಸಾಕ್ಷಿ. 1485ರ ಆಗಸ್ಟ್ 22ರಂದು ಇಂಗ್ಲೆಂಡಿನ ಅರಸು ಮೂರನೆಯ ರಿಚರ್ಡನು ಹೆನ್ರಿ ಟ್ಯೂಡರನ ಎದುರು ಹೋರಾಡಿ ಮಡಿದ ಕದನವದು. ಅದು ಆಂಬಿಯನ್ ಗುಡ್ಡದಲ್ಲಿ ನಡೆಯಿತೆಂದು ಬಹುಕಾಲ ನಂಬಿ, ಪ್ರವಾಸಿಗಳಿಗಾಗಿ ಅಲ್ಲಿಯೇ ಕೇಂದ್ರವನ್ನೂ ಕಟ್ಟಿದ್ದರು. 2005ರಿಂದ 2010ರವರೆಗೆ ಗ್ಲೆನ್ ಫೋರ್ಡ್ ಅವರ ನೇತೃತ್ವದಲ್ಲಿ ಸುತ್ತಲಿನ ಸುಮಾರು 7 ಚದರ ಕಿಲೋಮೀಟರ್ ಹೊಲಗಳನ್ನು ಶೋಧಕಗಳಿಂದ ಸಾಲುಸಾಲಾಗಿ ಜಾಲಾಡಿದರು. ಸಿಕ್ಕ ಪ್ರತಿಯೊಂದು ಚೂರಿನ ಸ್ಥಾನವನ್ನೂ ನಕ್ಷೆಯ ಮೇಲೆ ಗುರುತಿಸಿದರು. ಗುಡ್ಡದಿಂದ ಸುಮಾರು 3 ಕಿಲೋಮೀಟರ್ ನೈಋತ್ಯಕ್ಕೆ ಮೂವತ್ತರಷ್ಟು ಸೀಸದ ಗುಂಡುಗಳು ಹರಡಿದ್ದುವು. ಹಿಂದೆ ಜೌಗಾಗಿದ್ದ ನೆಲದ ಅಂಚಿನಲ್ಲಿ ಚಿನ್ನದ ನೀರು ಕೊಟ್ಟ ಬೆಳ್ಳಿಯ ಪುಟ್ಟ ಕಾಡುಹಂದಿಯೊಂದು ಸಿಕ್ಕಿತು. ಕಾಡುಹಂದಿ ರಿಚರ್ಡನ ಲಾಂಛನ. ಹೀಗೆ ರಣರಂಗವೇ ತನ್ನ ಜಾಗವನ್ನು ಬದಲಾಯಿಸಿತು. ಆ ಹಂದಿಯು ಮೊದಲೇ ಯಾರದೋ ಜೇಬಿಗೆ ಬಿದ್ದು ಅಂಗಡಿಗೆ ಹೋಗಿದ್ದರೆ ಒಳ್ಳೆಯ ಬೆಲೆಯೇನೋ ಬರುತ್ತಿತ್ತು. ಆ ಗುಂಡುಗಳಿಗಂತೂ ಬಿಡಿಬಿಡಿಯಾಗಿ ಮೂರು ಕಾಸಿನ ಬೆಲೆಯಿಲ್ಲ; ನಕ್ಷೆಯ ಮೇಲೆ ಒಟ್ಟಾಗಿ ನಿಂತಾಗಲೇ ಅವುಗಳಿಗೆ ನಾಲಿಗೆ ಬಂದುದು.

ಇಂಗ್ಲೆಂಡಿನ 1996ರ ನಿಧಿ ಕಾಯಿದೆಯು ಹೆಚ್ಚಾಗಿ ಚಿನ್ನಬೆಳ್ಳಿಗಳ ಬೆನ್ನು ಹಿಡಿದಿದೆ. ಒಂಟಿ ಸೀಸದ ಗುಂಡನ್ನು ವರದಿ ಮಾಡಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಸ್ವಇಚ್ಛೆಯಿಂದ ದಾಖಲಿಸುವ ವ್ಯವಸ್ಥೆಯೊಂದು 1997ರಿಂದ ಅಲ್ಲಿ ನಡೆದುಬಂದಿದೆ. ಅದರಿಂದ ಬಹಳ ಉಪಕಾರವಾಗಿದೆಯೆಂದು ಒಪ್ಪಲೇಬೇಕು. ಆದರೂ ಕಾನೂನು ಕೇಳುವುದು ಬೆಲೆಯನ್ನು, ವಿಜ್ಞಾನ ಕೇಳುವುದು ಸ್ಥಾನವನ್ನು. ನಮ್ಮ ದೇಶದಲ್ಲಿಯೂ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. 1958ರ ಕಾಯಿದೆಯು ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು ತಡೆಯುತ್ತದೆ. ಆದರೆ ಕಬ್ಬಿನ ಗದ್ದೆಯು ರಕ್ಷಿತ ಸ್ಥಳವಲ್ಲ, ತುಕ್ಕುಹಿಡಿದ ಕೊಳವೆಯನ್ನು ಯಾವ ರೈತನೂ ನಿಧಿಯೆಂದು ಎಣಿಸುವುದಿಲ್ಲ. ಎಣಿಸಿದರೂ, ಹೇಳಿದರೆ ಹೊಲವೇ ಕೈಬಿಟ್ಟುಹೋದೀತೆಂಬ ಅಂಜಿಕೆ ಬೇರೆ. ಆ ಅಂಜಿಕೆಯನ್ನು ಕಳೆಯದೆ ಯಾವ ಕಾಯಿದೆಯೂ ಫಲಿಸಲಾರದೆಂದು ನಮ್ಮ ಅಭಿಪ್ರಾಯ.

ತುಕ್ಕುಹಿಡಿದ ಕೊಳವೆ ಎಂದು ನಾವು ಬೇಕೆಂದೇ ಹೇಳಿದೆವು. ಕಬ್ಬಿಣ ಕಾಂತೀಯ ಲೋಹವಾದುದರಿಂದ ಅದರ ಸಂಕೇತವು ಸೀಸ ಬೆಳ್ಳಿಗಳ ಸಂಕೇತದಿಂದ ಬೇರೆಯಾಗಿ ತೋರುತ್ತದೆ. ಮೊಳೆ, ಲಾಳಗಳ ಕಾಟ ತಪ್ಪಲೆಂದು ಹವ್ಯಾಸಿಗಳು ಕಬ್ಬಿಣದ ಸದ್ದನ್ನು ಯಂತ್ರದಲ್ಲಿಯೇ ಅಡಗಿಸಿಬಿಡುತ್ತಾರೆ. ಮೈಸೂರಿನ ಸೈನ್ಯದ ಹೆಸರಾಂತ ರಾಕೆಟ್ಟಿನ ಒಡಲು ಯಾವುದರದು? ಕಬ್ಬಿಣದ ಕೊಳವೆಯದು! 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದುವು. ಅದು ಸಂಗ್ರಹಿಸಿಟ್ಟಿದ್ದ ಮದ್ದುಗುಂಡು. ಹಾರಿಸಿದ ರಾಕೆಟ್ಟುಗಳ ಕತೆ ಬೇರೆ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ನಡೆಸಿದ ದಾಳಿ ಕತ್ತಲಿನಲ್ಲಿ ದಿಕ್ಕೆಟ್ಟು ಮುರಿಯಿತು. ಮಾರನೆಯ ಬೆಳಗ್ಗೆ ಹೊಸ ಪಡೆಯೊಡನೆ ಬಂದು ತೋಪನ್ನು ಹಿಡಿಯಬೇಕಾಯಿತು. ಆ ರಾತ್ರಿಯನ್ನು ನಾವು ಓದುವುದು ಬಹುಮಟ್ಟಿಗೆ ಇಂಗ್ಲಿಷರ ಬರಹಗಳಿಂದ. ರಕ್ಷಿಸಿಕೊಂಡವರು ಎಲ್ಲಿ ನಿಂತಿದ್ದರು, ಎಷ್ಟು ದೂರ ಹಾರಿಸಿದರು ಎಂಬ ಇನ್ನೊಂದು ಪಕ್ಷದ ಹೇಳಿಕೆಯೇನಾದರೂ ಇದ್ದರೆ ಅದು ಗೇಣುದ್ದದ ಮಣ್ಣಿನಲ್ಲಿಯೇ ಇರಬೇಕು. ಸದ್ದಡಗಿಸಿದ ಯಂತ್ರವು ಅದನ್ನು ತುಳಿದುಕೊಂಡು ಮುಂದೆ ಹೋಗುತ್ತದೆ. ಗುಂಡುಗಳನ್ನು ಹೆಕ್ಕಿ ಒಯ್ಯುತ್ತದೆ.

ಇತಿಹಾಸ ಮತ್ತು ಭೌತಶಾಸ್ತ್ರ ವಿಭಾಗಗಳೆರಡೂ ಇರುವ ಕಾಲೇಜುಗಳು ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಕಟಾವಿನ ಬಳಿಕ ಇಂತಹ ಹೊಲಗಳನ್ನು ಬಾಸ್‌ವರ್ತಿನ ಕ್ರಮದಲ್ಲಿ ಅಳೆಯಬಾರದೇಕೆ? ನಮ್ಮ ವಿದ್ಯಾರ್ಥಿಗಳಿಗೆ ಸುಳಿಪ್ರವಾಹವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನಮಗೆ ತೋರದು. ಹವ್ಯಾಸಿಗಳನ್ನೂ ಹೊರಗಿಡಬೇಕಾಗಿಲ್ಲ, ಬಾಸ್‌ವರ್ತಿನಲ್ಲಿ ಯಂತ್ರ ಹಿಡಿದು ನಡೆದವರಲ್ಲಿ ಅವರೂ ಇದ್ದರು.

ಅಲ್ಲಿಯವರೆಗೆ, ಉಳುವಾಗ ಇಂತಹ ವಸ್ತು ಕಣ್ಣಿಗೆ ಬಿದ್ದ ವಾಚಕರು ಅದನ್ನು ಉಜ್ಜಿ ತೊಳೆಯದೆ, ಸರ್ವೆ ನಂಬರನ್ನೂ ಯಾವ ಬದುವಿನಿಂದ ಎಷ್ಟು ಹೆಜ್ಜೆ ಎಂಬುದನ್ನೂ ಚೀಟಿಯಲ್ಲಿ ಬರೆದಿಟ್ಟು ಇಲಾಖೆಗೆ ತಿಳಿಸಲಿ. ಮದ್ದು ತುಂಬಿದ ಕೊಳವೆಯೋ ಸಿಡಿಯದ ಗುಂಡೋ ಎಂಬ ಅನುಮಾನ ಬಂದರೆ ಮುಟ್ಟಲೇಬಾರದು. ಎತ್ತುಗಳನ್ನು ಆಚೆ ಹೊಡೆದುಕೊಂಡು ಹೋಗಿ ಪೊಲೀಸರಿಗೆ ಹೇಳಿಕಳುಹಿಸಬೇಕು.